ಮನೆಯಿದೆ, ಮನೆಯಡಿಯ ನೆಲವಿಲ್ಲ

ಗ್ರಾಮ ಪಂಚಾಯಿತಿಗಳು ವಸತಿ ಯೋಜನೆಗಾಗಿ ಎರಡು ಪಟ್ಟಿ ಇಟ್ಟುಕೊಳ್ಳುತ್ತವೆ. ನಿವೇಶನವಿದ್ದು ಮನೆಯಿಲ್ಲದವರದು ಒಂದು, ನಿವೇಶನವೇ ಇಲ್ಲದವರದು ಇನ್ನೊಂದು. ಬೋರನಕಣಿವೆ, ಹುಳಿಯಾರಿನಿಂದ ಹಿಡಿದು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆವರೆಗೆ ಹಬ್ಬಿದ ತೆಂಗಿನ ಸೀಮೆಯಲ್ಲಿ ಈ ಎರಡರಲ್ಲೂ ಸರಿಯಾಗಿ ಕೂರದ ಜನರಿದ್ದಾರೆ. ಅವರಿಗೆ ಮನೆ ಇದೆ. ಗೋಡೆ ಎಬ್ಬಿಸಿದ್ದು, ಹೆಂಚೋ ಶೀಟೋ ಹೊದಿಸಿದ್ದು, ವರ್ಷ ವರ್ಷ ರಿಪೇರಿ ಮಾಡಿಸಿದ್ದು ಎಲ್ಲ ಅವರ ದುಡ್ಡಿನಲ್ಲೇ. ಪಡಿತರ ಚೀಟಿ, ಮತದಾರರ ಪಟ್ಟಿ, ಎಷ್ಟೋ ಕಡೆ ವಿದ್ಯುತ್ ಮೀಟರು ಕೂಡ ಆ ಮನೆಯ ವಿಳಾಸಕ್ಕೇ ಇವೆ. ಆದರೆ ಗೋಡೆ ನಿಂತ ನೆಲ ತೋಟದ ಯಜಮಾನರದೋ, ಸರ್ಕಾರಿ ಗೋಮಾಳದ್ದೋ, ಊರ ಗುಂಡುತೋಪಿನದೋ ಆಗಿರುತ್ತದೆ. ಪಂಚಾಯಿತಿ ಇವರನ್ನು ‘ನಿವೇಶನರಹಿತರು’ ಎಂದು ಬರೆದುಕೊಳ್ಳುತ್ತದೆ. ಬರೆದುಕೊಂಡ ಕ್ಷಣದಲ್ಲೇ ಒಂದು ತೀರ್ಮಾನ ಸದ್ದಿಲ್ಲದೆ ಆಗಿಹೋಗಿರುತ್ತದೆ: ಇವರಿಗೆ ಬೇರೆಲ್ಲೋ ಒಂದು ನಿವೇಶನ ಕೊಡಬೇಕು, ಅದು ಸಿಗುವವರೆಗೆ ಇವರು ಇರುವ ಜಾಗ ಲೆಕ್ಕಕ್ಕಿಲ್ಲ. ನಮ್ಮ ಗ್ರಾಮೀಣ ವಸತಿ ನೀತಿಯ ಮೂಲದೋಷ ಈ ತೀರ್ಮಾನದಲ್ಲೇ ಇದೆ ಎಂಬುದು ಈ ಲೇಖನದ ವಾದ. ಹಕ್ಕು ಕೊಡುವುದಾದರೆ ಜನ ಇರುವಲ್ಲೇ ಕೊಡಬೇಕು. ಆಗದಿದ್ದಾಗ ಮಾತ್ರ, ದುಡಿಮೆಯ ದೂರದೊಳಗೆ, ಬದಲಿ ಜಾಗ ಮೊದಲು ಕೈಗೆ ಬಂದ ಮೇಲೆ, ಸ್ಥಳಾಂತರದ ಮಾತು ಎತ್ತಬೇಕು.

ಮನೆಯ ಒಡೆತನ ಮತ್ತು ನೆಲದ ಒಡೆತನ ಬೇರೆ ಬೇರೆ ಕೈಗಳಲ್ಲಿ ಇರುವುದು ನಮ್ಮಲ್ಲಷ್ಟೇ ಕಾಣುವ ಸಂಗತಿಯಲ್ಲ. ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಕಾರ್ಖಾನೆಯಲ್ಲಿ ತಯಾರಾದ ‘ಮೊಬೈಲ್ ಹೋಂ’ಗಳಲ್ಲಿ ಇದ್ದಾರೆ. ಅವರಲ್ಲಿ ಬಹಳ ಮಂದಿ ಮನೆಯನ್ನು ಸ್ವಂತಕ್ಕೆ ಕೊಂಡು, ಅದನ್ನು ನಿಲ್ಲಿಸಿದ ಪಾರ್ಕಿನ ನೆಲಕ್ಕೆ ತಿಂಗಳ ಬಾಡಿಗೆ ಕಟ್ಟುತ್ತಾರೆ. ಹೆಸರಿಗೆ ಅದು ಚಲಿಸುವ ಮನೆ. ಒಮ್ಮೆ ಇಳಿಸಿದ ಮೇಲೆ ಎತ್ತಿ ಸಾಗಿಸಲು ಸಾವಿರಾರು ಡಾಲರ್ ಬೇಕು, ಹಳೆಯ ಮನೆಯಾದರೆ ದಾರಿಯಲ್ಲೇ ಮುರಿದೀತು. ಹಾಗಾಗಿ ಪಾರ್ಕಿನ ಮಾಲೀಕ ನೆಲ ಮಾರಿದರೆ, ಬಾಡಿಗೆ ಏರಿಸಿದರೆ, ಮನೆಯೊಡೆಯರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಕಲಬುರಗಿ, ರಾಯಚೂರು ಕಡೆಯ ಕಟ್ಟಡ ಕಾರ್ಮಿಕರು ಖಾಲಿ ಸೈಟುಗಳ ಮಾಲೀಕರಿಗೆ ನೆಲಬಾಡಿಗೆ ತೆತ್ತು ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಇರುವುದು ಇದರದೇ ಇನ್ನೊಂದು ರೂಪ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಶೆಡ್ಡುಗಳನ್ನು ಅಕ್ರಮ ವಲಸಿಗರದೆಂಬ ನೆಪದಲ್ಲಿ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಆ ಕೆಡವಾಟವನ್ನು ಒಪ್ಪದೆ ಸರ್ಕಾರಕ್ಕೆ ಪುನರ್ವಸತಿಯ ಹೊಣೆ ಹೊರಿಸಿತು. ತೆಂಗಿನ ಸೀಮೆಯಲ್ಲಿ ಇಷ್ಟು ಗದ್ದಲದ ಎತ್ತಂಗಡಿ ಅಪರೂಪ. ಇಲ್ಲಿ ಜೆಸಿಬಿ ಬರಬೇಕೆಂದೇನಿಲ್ಲ. ತೋಟ ಕೈ ಬದಲಾಯಿಸಿ ಹೊಸಬರು ಸುತ್ತ ಬೇಲಿ ಹಾಕಿದರೆ, ಓಡಾಡುವ ದಾರಿಗೆ ಗೇಟು ಬಿದ್ದರೆ, ಕೊಳವೆಬಾವಿಯ ನೀರು ಬಿಡುವುದು ನಿಂತರೆ ಸಾಕು. ಮನೆಯವರು ತಾವಾಗಿಯೇ ಹೊರಟರು ಎಂದು ಊರು ಹೇಳುತ್ತದೆ.

ಈ ಸೀಮೆಯಲ್ಲಿ ಇಂಥ ವಾಸ ಬೆಳೆದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೋರನಕಣಿವೆ ಸುವರ್ಣಮುಖಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ. ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ ಮೈಸೂರು ಸಂಸ್ಥಾನದ ಸರ್ವೆ ಇಲಾಖೆ ಊರೂರಿಗೂ ಗಡಿ ಗುರುತಿಸಿ, ಜನ ವಾಸಿಸುವ ನೆಲಕ್ಕೆ ಗ್ರಾಮಠಾಣ ಎಂದು ಗೆರೆ ಎಳೆಯಿತು. ಆ ಗೆರೆ ಬಿದ್ದದ್ದು ಪಟೇಲ, ಶಾನುಭೋಗರಿದ್ದ ದೊಡ್ಡ ಊರುಗಳ ಸುತ್ತ. ಕುರಿ, ದನ ಕಟ್ಟಿಕೊಂಡು ಕಾವಲಿನ ಮಗ್ಗುಲಲ್ಲಿ ಬೇಲಿಯೊಳಗೆ ಬದುಕುತ್ತಿದ್ದ ಕಾಡುಗೊಲ್ಲರ ಹಟ್ಟಿಗಳು, ಕಲ್ಲು ಒಡೆಯುವ ಬೋವಿಗಳ ವಡ್ಡರಹಟ್ಟಿಗಳು, ಲಂಬಾಣಿಗಳ ತಾಂಡಾಗಳು ಗೆರೆಯ ಹೊರಗೆ ಉಳಿದವು. ಕಂದಾಯ ಇಲಾಖೆಯ ಕಣ್ಣಿಗೆ ಅವು ಊರುಗಳಲ್ಲ, ಯಾವುದೋ ಸರ್ವೆ ನಂಬರಿನ ಒಳಗಿರುವ ಗುಡಿಸಲುಗಳು. ಇಲಾಖೆಯ ಭಾಷೆಯಲ್ಲಿ ‘ದಾಖಲೆರಹಿತ ಜನವಸತಿ’. ತಲೆಮಾರುಗಳಿಂದ ಇದ್ದರೂ, ಶಾಲೆ, ಅಂಗನವಾಡಿ, ದೇವಸ್ಥಾನ ಎಲ್ಲ ಬಂದರೂ, ಮನೆಗೊಂದು ಖಾತೆ ಮಾಡಿಸಲು ಹೋದರೆ ಪಂಚಾಯಿತಿಯವರು ತೋರಿಸುವುದು ಪಹಣಿಯಲ್ಲಿರುವ ಬೇರೆಯವರ ಹೆಸರನ್ನು.

ಎರಡನೆಯ ಬಗೆ ತೋಟದ ಮನೆ. ತಿಪಟೂರಿನ ಉಂಡೆ ಕೊಬ್ಬರಿಗೆ ದೇಶದಲ್ಲೇ ಹೆಸರು, ಮಾರುಕಟ್ಟೆಯೂ ಅಲ್ಲೇ. ಆದರೆ ಮರದಿಂದ ಇಳಿದ ಕಾಯಿ ಉಂಡೆ ಕೊಬ್ಬರಿಯಾಗುವುದಕ್ಕೆ ಅಟ್ಟದ ಮೇಲೆ ವರ್ಷದ ಹತ್ತಿರ ಕೂರಬೇಕು. ಕಾಯಿ ಕೀಳುವುದು, ಅಟ್ಟಕ್ಕೆ ಹಾಕುವುದು, ಸುಲಿಯುವುದು, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು, ನಡುವೆ ತೋಟಕ್ಕೆ ನೀರು, ಕಾವಲು: ವರ್ಷವಿಡೀ ಬಿಡಿಬಿಡಿಯಾಗಿ ಬರುವ ಈ ಕೆಲಸಕ್ಕೆ ಹತ್ತಿರದಲ್ಲೇ ಇರುವ ಆಳು ಬೇಕು. ಹಾಗಾಗಿ ತೋಟದ ಮೂಲೆಯಲ್ಲಿ ಒಂದು ಮನೆ ಹಾಕಿಕೊಳ್ಳಲು ಯಜಮಾನರೇ ಹೇಳುತ್ತಾರೆ. ಅದಕ್ಕೆ ಕರಾರು ಪತ್ರವಿಲ್ಲ, ಬಾಡಿಗೆಯೂ ಇಲ್ಲ. ಎರಡು ತಲೆಮಾರು ಕಳೆಯುವ ಹೊತ್ತಿಗೆ ಮಾತು ಕೊಟ್ಟವರೂ ಇರುವುದಿಲ್ಲ, ಪಡೆದವರೂ ಇರುವುದಿಲ್ಲ. ತೋಟ ಅಣ್ಣತಮ್ಮಂದಿರ ನಡುವೆ ಪಾಲಾಗಿರುತ್ತದೆ, ಒಬ್ಬ ತಮ್ಮ ತನ್ನ ಪಾಲನ್ನು ಬೆಂಗಳೂರಿನವರಿಗೆ ಮಾರಿರುತ್ತಾನೆ. ಕೊಡಗಿನ ಕಾಫಿ ಎಸ್ಟೇಟಿನ ಲೈನ್‌ಮನೆಗಳಲ್ಲಿ ಈ ಸಂಬಂಧ ಇನ್ನೂ ನಿಚ್ಚಳ: ಕೆಲಸ ಹೋದರೆ ಮನೆಯೂ ಹೋಯಿತು. ತೆಂಗಿನ ಸೀಮೆಯಲ್ಲಿ ಅದು ಸೌಜನ್ಯದ ಮರೆಯಲ್ಲಿ ನಡೆಯುತ್ತದೆ ಅಷ್ಟೇ.

ಮೂರನೆಯವರು ಅಲೆಮಾರಿಗಳು. ತುಮಕೂರು ಜಿಲ್ಲೆಯಲ್ಲಿ ಸುಡುಗಾಡುಸಿದ್ಧರು, ಹಂದಿಜೋಗಿಗಳು, ಕೊರಮರು, ದೊಂಬಿದಾಸರು ಹೀಗೆ ಹಲವು ಸಮುದಾಯಗಳಿವೆ. ಇವರ ಅಲೆದಾಟ ಬಹುಪಾಲು ನಿಂತುಹೋಗಿದೆ, ನೆಲೆ ಮಾತ್ರ ಸಿಕ್ಕಿಲ್ಲ. ಕೆರೆ ಅಂಗಳ, ಗುಂಡುತೋಪು, ರಸ್ತೆ ಬದಿಯ ಖರಾಬು ಜಮೀನು ಇವರ ಪಾಲಿಗೆ ಬಂದದ್ದು. ಸೀರೆ, ಟಾರ್ಪಾಲು, ಬಿದಿರುಗಳ ಗುಡಾರ ಮಳೆಗಾಲಕ್ಕೊಮ್ಮೆ ಹೊಸದಾಗುತ್ತದೆ. ‘ಮೊಬೈಲ್ ಹೋಂ’ ಎಂಬ ಮಾತು ನಮ್ಮಲ್ಲಿ ಯಾರಿಗಾದರೂ ಅಕ್ಷರಶಃ ಒಪ್ಪುವುದಾದರೆ ಇವರಿಗೆ. ವಿಪರ್ಯಾಸವೆಂದರೆ ಇವರು ಕದಲದೆ ಒಂದೇ ಕಡೆ ಇರಬೇಕೆಂದು ಬಯಸುವವರು.

ಕಾನೂನು ಈ ಮೂವರನ್ನೂ ಒಂದೇ ರೀತಿ ನೋಡುವುದಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ ಎಂದರೆ ಎಲ್ಲರಿಗೂ ನೆನಪಾಗುವುದು ಗೇಣಿದಾರನಿಗೆ ಸಿಕ್ಕ ಜಮೀನು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ 38ನೇ ಕಲಂ ಕೂಡ ಇತ್ತು. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕನಿಗೆ ಆ ಮನೆ, ಅದರಡಿಯ ನೆಲ ಮತ್ತು ಮನೆಬಳಕೆಗೆ ಬೇಕಾದ ಸುತ್ತಲ ಜಾಗದ ಒಡೆತನ ಸಿಗಬೇಕು ಎಂದು ಅದು ಹೇಳಿತು. ಗೇಣಿ ಅರ್ಜಿಗಳ ನಮೂನೆ 7 ಮನೆಮಾತಾಯಿತು. ಕೂಲಿಯವನ ಮನೆಯ ಕಲಂ ಹಾಗಾಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಗೇಣಿದಾರನಿಗೆ ಊರಲ್ಲಿ ಒಂದಿಷ್ಟು ಬಲವಿತ್ತು, ಅವನು ಯಜಮಾನನ ಎದುರು ಅರ್ಜಿ ಹಾಕಿ ದಕ್ಕಿಸಿಕೊಳ್ಳಬಲ್ಲವನಾಗಿದ್ದ. ತೋಟದ ಮೂಲೆಯ ಮನೆಯವನು ಅರ್ಜಿ ಹಾಕಿದರೆ ಮಾರನೆಯ ದಿನದ ಕೂಲಿ ಯಾರ ಹತ್ತಿರ ಕೇಳಬೇಕು? ಹಕ್ಕನ್ನು ಅರ್ಜಿಗೆ ಕಟ್ಟಿಹಾಕಿದ ಕಾಯ್ದೆ, ಅರ್ಜಿ ಹಾಕಲಾಗದವನನ್ನು ಮರೆತಿತ್ತು.

ನಾಲ್ಕು ದಶಕಗಳ ಮೇಲೆ 2016ರ ತಿದ್ದುಪಡಿ 38-ಎ ಕಲಂ ತಂದು ಈ ದೋಷವನ್ನು ಒಂದು ಮಟ್ಟಿಗೆ ಸರಿಪಡಿಸಿತು. ‘ವಾಸಿಸುವವನೇ ಮನೆಯ ಒಡೆಯ’ ಎಂಬ ಮಾತನ್ನು ಆಗ ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪ ಊರೂರಿಗೂ ತಲುಪಿಸಿದರು; 1951ರ ಕಾಗೋಡು ಸತ್ಯಾಗ್ರಹದ ನೆಲದಿಂದ ಬಂದವರು ಅದನ್ನು ಹೇಳಿದ್ದಕ್ಕೆ ತನ್ನದೇ ತೂಕವಿತ್ತು. ಈ ಕಲಮಿನ ವಿಶೇಷವೇನೆಂದರೆ ಒಬ್ಬೊಬ್ಬರ ಅರ್ಜಿಗೆ ಕಾಯದೆ ಇಡೀ ಜನವಸತಿಯನ್ನೇ ಒಂದು ಘಟಕವಾಗಿ ತೆಗೆದುಕೊಂಡದ್ದು. ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ತಾಂಡಾ, ಮಜರೆ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು, ಕಾಲೊನಿ ಇವೆಲ್ಲ ಕಂದಾಯ ಗ್ರಾಮಗಳೋ ಉಪಗ್ರಾಮಗಳೋ ಆಗುವ ದಾರಿ ತೆರೆಯಿತು. ಖಾಸಗಿ ಜಮೀನಾದರೆ ಭೂಸುಧಾರಣಾ ಕಾಯ್ದೆಯ 38-ಎ, ಸರ್ಕಾರಿ ಜಮೀನಾದರೆ ಭೂಕಂದಾಯ ಕಾಯ್ದೆಯ 94-ಡಿ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯೇ ಬಂದು ಐದು ಜಿಲ್ಲೆಗಳ ತಾಂಡಾಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಕುಟುಂಬಗಳಿಗೆ ಡಿಜಿಟಲ್ ಹಕ್ಕುಪತ್ರ ಕೊಟ್ಟಿತು. ಎರಡು ಪಕ್ಷಗಳೂ ಪೈಪೋಟಿಯಲ್ಲಿ ಯಶಸ್ಸಿನ ಪಾಲು ಕೇಳುವ ಕೆಲಸ ಇದು. ಹಾಗೆ ಪೈಪೋಟಿ ಬಿದ್ದ ಜನಪರ ಕಾನೂನು ನಮ್ಮಲ್ಲಿ ಹೆಚ್ಚಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ನಿಜವಾದ ಸುಧಾರಣೆಯೂ ಆಯಿತು: ಬರಿಯ ಕಾಗದ ಕೊಟ್ಟು ಕಳಿಸುವ ಬದಲು, ಹಕ್ಕುಪತ್ರವನ್ನು ಸರ್ಕಾರವೇ ನೋಂದಣಿ ಮಾಡಿಸಿ ಖಾತೆಗೆ ಜೋಡಿಸುವ ಏರ್ಪಾಡು. ಹಳೆಯ ಹಕ್ಕುಪತ್ರಗಳಲ್ಲಿ ಎಷ್ಟೋ ಇಂದು ಫ್ರೇಮಿನೊಳಗೆ ಇವೆ, ಕಚೇರಿಯಲ್ಲಿ ಅವುಗಳ ಮೂಲವಿಲ್ಲ.

ಅಷ್ಟಾದರೂ ತೋಟದ ಮನೆ ಈ ಬಲೆಯ ಕಣ್ಣುಗಳಿಂದ ಜಾರಿಹೋಗುತ್ತದೆ. 38-ಎ ಗುಂಪು ಮನೆಗಳಿಗೆ ಬರೆದದ್ದು. ತೆಂಗಿನ ತೋಟಗಳಲ್ಲಿ ಮನೆಗಳು ಒಂಟಿ, ಹೆಚ್ಚೆಂದರೆ ಮೂರು ನಾಲ್ಕು. ಅವರಿಗೆ ಇಂದಿಗೂ ಉಳಿದಿರುವುದು ಹಳೆಯ 38ನೇ ಕಲಮಿನ ತತ್ವ ಮಾತ್ರ, ಅದನ್ನು ಕೇಳುವ ಧೈರ್ಯವಿಲ್ಲ. ಗ್ರಾಮಗಳ ಮನೆಜಾಗವನ್ನು ಡ್ರೋನಿನಿಂದ ಅಳೆದು ಆಸ್ತಿ ಕಾರ್ಡು ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲಿನಲ್ಲಿ ಶುರುವಾದಾಗಲೂ ಅಳತೆಯ ವ್ಯಾಪ್ತಿ ಜನವಸತಿ ಪ್ರದೇಶದ್ದೇ. ಕೃಷಿ ಜಮೀನಿನ ನಡುವಿನ ಮನೆ ಅದರ ಗುರಿಯಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ಸಹಾಯಧನವಿದೆ, ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳೂ ಇವೆ; ಎಲ್ಲಕ್ಕೂ ಮೊದಲ ಪ್ರಶ್ನೆ ನಿವೇಶನದ ದಾಖಲೆ ಎಲ್ಲಿ ಎಂಬುದೇ. ಅಂದರೆ ಇರುವ ಮನೆಯನ್ನು ಪಕ್ಕಾ ಮಾಡಿಕೊಳ್ಳಲು ಸರ್ಕಾರದ ದುಡ್ಡಿದೆ, ನೆಲ ತನ್ನದಲ್ಲವಾದ್ದರಿಂದ ಆ ದುಡ್ಡು ಬಾಗಿಲವರೆಗೂ ಬರುವುದಿಲ್ಲ. ವಸತಿ ಸಮಸ್ಯೆಯನ್ನು ಮನೆಗಳ ಕೊರತೆ ಎಂದು ಎಣಿಸುತ್ತಾ ಹೋದಷ್ಟೂ ಈ ಗಂಟು ಬಿಚ್ಚುವುದಿಲ್ಲ, ಏಕೆಂದರೆ ಗಂಟು ಇರುವುದು ನೆಲದಲ್ಲಿ.

ಒತ್ತಡವಂತೂ ಏರುತ್ತಲೇ ಇದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, ಬಿ, ಸಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ, ಆದಾಯದ ಮಿತಿಯಿಲ್ಲದೆ, ಕೃಷಿ ಜಮೀನು ಕೊಳ್ಳಬಹುದಾಯಿತು. ಹೇಮಾವತಿ ನಾಲೆಯ ನೀರು ಒಂದು ಕಡೆ, ಭದ್ರಾ ಮೇಲ್ದಂಡೆ ಯೋಜನೆಯ ತುಮಕೂರು ಶಾಖಾ ಕಾಲುವೆಯ ನಿರೀಕ್ಷೆ ಇನ್ನೊಂದು ಕಡೆ, ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥವಾದದ್ದು ಮತ್ತೊಂದು ಕಡೆ. ಒಂದೊಂದೂ ಒಳ್ಳೆಯದೇ, ಒಂದೊಂದೂ ಎಕರೆಯ ಬೆಲೆ ಏರಿಸುವುದೇ. ಕೊಬ್ಬರಿಯ ಬೆಲೆಯದು ಬೇರೆಯೇ ಕಥೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ, ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡು ಪಟ್ಟಿಗೂ ಮೀರಿ ಹರಾಜಾಯಿತು. ಅದಕ್ಕೆ ಒಂದೆರಡು ವರ್ಷ ಮುಂಚೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದಿದ್ದರು. ಬೆಲೆ ಏರಿದಾಗ ತೋಟಕ್ಕೆ ಗಿರಾಕಿ ಬರುತ್ತಾರೆ, ಕುಸಿದಾಗ ಸಾಲಕ್ಕೆ ತೋಟ ಮಾರಾಟಕ್ಕೆ ಬರುತ್ತದೆ. ಎರಡೂ ಸಲ ಮೂಲೆಯ ಮನೆಯವನ ಕೆಳಗಿನ ನೆಲವೂ ಜೊತೆಗೇ ಕೈ ಬದಲಾಯಿಸುತ್ತದೆ, ಅವನನ್ನು ಕೇಳುವವರಿಲ್ಲ.

ಇಲ್ಲಿಗೆ ಬಂದಾಗ ತೋಟದ ಯಜಮಾನರ ಕಡೆಯಿಂದ ಏಳುವ ಆಕ್ಷೇಪ ಹಗುರವಾದದ್ದಲ್ಲ. ಈ ಸೀಮೆಯ ತೆಂಗು ಬೆಳೆಗಾರ ಜಮೀನ್ದಾರನಲ್ಲ. ಎರಡೋ ಮೂರೋ ಎಕರೆಯ ಸಣ್ಣ ಹಿಡುವಳಿದಾರ. ಅವನ ಅಪ್ಪ ದಯೆಯಿಂದಲೋ ಅಗತ್ಯದಿಂದಲೋ ಜಾಗ ಕೊಟ್ಟದ್ದಕ್ಕೆ ಮಗ ನೆಲ ಕಳೆದುಕೊಳ್ಳಬೇಕೇ? ಹಾಗಾದರೆ ಇನ್ನು ಮುಂದೆ ಯಾರು ತಾನೇ ಆಳಿಗೆ ಜಾಗ ಕೊಟ್ಟಾರು? ಈ ಪ್ರಶ್ನೆಗೆ ನಮ್ಮದೇ ಗಡಿಯಾಚೆ, 1956ರವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡಿನಲ್ಲಿ, ಐದು ದಶಕಗಳ ಹಿಂದೆಯೇ ಒಂದು ಉತ್ತರ ಜಾರಿಯಾಗಿದೆ. ಕೇರಳದ ಭೂಸುಧಾರಣಾ ಕಾಯ್ದೆ ಜಮೀನಿನ ಯಜಮಾನನ ನೆಲದಲ್ಲಿ ಗುಡಿಸಲು ಹಾಕಿಕೊಂಡವರನ್ನು ಕುಡಿಕಿಡಪ್ಪುಕಾರರು ಎಂದು ಕರೆದು, ಪಂಚಾಯಿತಿ ಪ್ರದೇಶದಲ್ಲಿ 10 ಸೆಂಟ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3 ಸೆಂಟ್ ನೆಲ ಕೊಳ್ಳುವ ಹಕ್ಕು ಕೊಟ್ಟಿತು. 1970ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಬೆಲೆ ಮಾರುಕಟ್ಟೆ ದರದ ಒಂದು ಭಾಗ, ಅದರಲ್ಲೂ ಅರ್ಧ ಸರ್ಕಾರದ ನಿಧಿಯಿಂದ, ಉಳಿದದ್ದು ಕಂತುಗಳಲ್ಲಿ. ಯಜಮಾನನಿಗೆ ಆ ಜಾಗ ನಿಜವಾಗಿಯೂ ಬೇಕಿದ್ದರೆ ಬೇರೆ ಜಾಗ ತೋರಿಸಿ, ಸಾಗಿಸುವ ಖರ್ಚು ತಾನೇ ಕೊಟ್ಟು ಮನೆಯನ್ನು ಸರಿಸಲು ಅವಕಾಶವೂ ಇತ್ತು. ಸಣ್ಣ ಹಿಡುವಳಿಗಳೇ ತುಂಬಿರುವ ರಾಜ್ಯದಲ್ಲಿ ಲಕ್ಷಾಂತರ ಕುಟುಂಬಗಳು ಹೀಗೆ ನೆಲ ಪಡೆದವು. ತೆಂಗಿನ ತೋಟಗಳೇನೂ ಹಾಳುಬೀಳಲಿಲ್ಲ. ಎರಡು ಎಕರೆಯಲ್ಲಿ ಮೂರು ನಾಲ್ಕು ಗುಂಟೆಗೆ ನ್ಯಾಯವಾದ ಬೆಲೆ ಸರ್ಕಾರದಿಂದ ಬಂದರೆ ಅದು ಕಸಿದುಕೊಂಡದ್ದಾಗುವುದಿಲ್ಲ. ಇನ್ನು, ಮುಂದೆ ಯಾರೂ ಜಾಗ ಕೊಡುವುದಿಲ್ಲ ಎಂಬ ಭಯ ನಿಜವೇ. 1974ರ ನಂತರ ಎಷ್ಟೋ ಕಡೆ ಹಾಗೆಯೇ ಆಯಿತು. ಅದಕ್ಕೆ ಮದ್ದು ಹಕ್ಕನ್ನು ತಡೆಹಿಡಿಯುವುದಲ್ಲ. ಇಂಥ ದಿನಾಂಕದವರೆಗೆ ಇದ್ದವರಿಗೆ ಎಂದು ಗೆರೆ ಹಾಕಿ, ಮುಂದಿನ ಕೂಲಿ ಕುಟುಂಬಗಳಿಗೆ ಪಂಚಾಯಿತಿಯೇ ಊರ ಹತ್ತಿರ ನಿವೇಶನ ಇಟ್ಟುಕೊಳ್ಳುವುದು. ಆಳಿನ ಮನೆ ಯಜಮಾನನ ದಯೆಯಲ್ಲಿ ಇರುವ ಪದ್ಧತಿ ಕೊನೆಯಾದರೆ ಮರುಗುವ ಕಾರಣ ನನಗಂತೂ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಪರಿಸರದ ಕಡೆಯಿಂದ, ಮತ್ತು ಅದು ಹೆಚ್ಚು ಕಠಿಣ. ಗೋಮಾಳ, ಗುಂಡುತೋಪು, ಕೆರೆ ಅಂಗಳ ಊರಿಗೆಲ್ಲ ಸೇರಿದ್ದು. ಒಬ್ಬೊಬ್ಬರಿಗೂ ಬರೆದುಕೊಡುತ್ತಾ ಹೋದರೆ ಊರಿಗೆ ಏನುಳಿದೀತು? 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆದರೆ ಅದೇ ತೀರ್ಪು ಭೂರಹಿತ ಕೂಲಿಗಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಾಗವನ್ನೂ, ಶಾಲೆ, ಔಷಧಾಲಯದಂಥ ಕಟ್ಟಡಗಳನ್ನೂ ಅಪವಾದವೆಂದು ಬಿಟ್ಟಿದೆ. ಇದನ್ನು ಓದುವಾಗ ನಮ್ಮ ಅಧಿಕಾರಿಗಳು ಮೊದಲರ್ಧಕ್ಕೆ ನಿಲ್ಲುತ್ತಾರೆ. ಗೋಮಾಳದಲ್ಲಿ ಹಟ್ಟಿಯವರ ಮನೆಗಳು ಹಿಡಿದಿರುವ ನೆಲ ಎಷ್ಟು, ತೋಟ ವಿಸ್ತರಿಸಿಕೊಂಡವರು ಹಿಡಿದಿರುವ ನೆಲ ಎಷ್ಟು ಎಂದು ಪಕ್ಕಪಕ್ಕದಲ್ಲಿ ಅಳೆದರೆ ಯಾವ ಒತ್ತುವರಿಯಿಂದ ಶುರು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಟ್ಟಿಯವರಿಗೆ ಗೋಮಾಳ ಬರಿಯ ಮನೆಜಾಗವಲ್ಲ, ಕುರಿಯ ಮೇವು. ಅದನ್ನು ಕಾಯುವ ಹಿತಾಸಕ್ತಿ ಅವರಿಗೇ ಹೆಚ್ಚು. ಮನೆ ನಿಂತಷ್ಟು ನೆಲಕ್ಕೆ ಖಾತೆ, ಉಳಿದ ಗೋಮಾಳಕ್ಕೆ ಕಲ್ಲು ನೆಟ್ಟು ಗಡಿ, ಎರಡನ್ನೂ ಒಂದೇ ಸರ್ವೆಯಲ್ಲಿ ಮಾಡಬಹುದು. ಕೆರೆ ಅಂಗಳದ ವಿಷಯದಲ್ಲಿ ಮಾತ್ರ ನಾನು ಪರಿಸರದವರ ಪಕ್ಷ. ನೀರು ನಿಲ್ಲುವ ಜಾಗ ಯಾರ ವಾಸಕ್ಕೂ ತಕ್ಕದ್ದಲ್ಲ. ಬರಗಾಲದಲ್ಲಿ ಒಣಗಿದ ಅಂಗಳ ನೋಡಿ ಗುಡಾರ ಹಾಕಿದವರು ಕೆರೆ ಕೋಡಿ ಬಿದ್ದ ವರ್ಷ ಎಲ್ಲ ಕಳೆದುಕೊಳ್ಳುತ್ತಾರೆ. ಅಲ್ಲಿಂದ ಎಬ್ಬಿಸುವುದು ಸರಿ, ಎಬ್ಬಿಸುವ ಮುಂಚೆ ಜಾಗ ತೋರಿಸದಿರುವುದು ತಪ್ಪು.

ಕೊಟ್ಟ ನಿವೇಶನವನ್ನು ಮಾರಿಕೊಳ್ಳುತ್ತಾರೆ ಎಂಬುದು ಕಚೇರಿಗಳಲ್ಲಿ ಹೆಚ್ಚು ಕೇಳುವ ಮಾತು. ಮಾರಿಕೊಂಡವರು ಇದ್ದಾರೆ, ಇಲ್ಲವೆನ್ನಲಾಗದು. ಆದರೆ ಯಾವುದನ್ನು ಮಾರಿದರು ಎಂದು ನೋಡಬೇಕು. ಊರಿಂದ ದೂರದ ಗುಡ್ಡದ ಮೇಲೆ, ನೀರಿಲ್ಲದ, ಕೆಲಸವಿಲ್ಲದ ಕಡೆ ಕೊಟ್ಟ ನಿವೇಶನ ಬಳಕೆಗೆ ಬಾರದೆ ಮಾರಾಟಕ್ಕೆ ಬೀಳುತ್ತದೆ. ಇರುವ ಮನೆಯಡಿಯ ನೆಲವನ್ನು ಮಾರಿ ಹೋಗುವವರು ವಿರಳ. ಮಾರಾಟ ತಡೆಯಲು ನಮ್ಮಲ್ಲಿ ಕಾನೂನಿನ ಅನುಭವವೂ ಇದೆ: ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ. ವಿಳಂಬವಾದ ಅರ್ಜಿಗಳನ್ನು 2017ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದ ಮೇಲೆ 2023ರಲ್ಲಿ ಅದಕ್ಕೆ ತಿದ್ದುಪಡಿ ತರಬೇಕಾಯಿತು. ಒಡಿಶಾ 2017ರಲ್ಲಿ ಕೊಳೆಗೇರಿವಾಸಿಗಳಿಗೆ ಭೂಹಕ್ಕು ಕಾಯ್ದೆ ಮಾಡಿದಾಗ ಇನ್ನೊಂದು ದಾರಿ ಹಿಡಿಯಿತು: ಹಕ್ಕು ಮಕ್ಕಳಿಗೆ ಹೋಗುತ್ತದೆ, ಬ್ಯಾಂಕಿನಲ್ಲಿ ಅಡವಿಡಬಹುದು, ಮಾರುವಂತಿಲ್ಲ. ಅಲ್ಲಿ ಅಳತೆಗೆ ಡ್ರೋನಿನ ಜೊತೆಗೆ ಬಸ್ತಿಯ ನಿವಾಸಿಗಳೇ ನಿಂತರು. ಹೊರಗಿನ ಗುಮಾಸ್ತನ ಕಣ್ಣಿಗೆ ಒಂದೇ ಮನೆಯಾಗಿ ಕಾಣುವುದು ಒಳಗಿನವರಿಗೆ ಎರಡು ಸಂಸಾರ ಎಂದು ಗೊತ್ತಿರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಪತ್ರ ಬರೆದರೆ ಒಬ್ಬನ ಕುಡಿತದ ಸಾಲಕ್ಕೆ ಮನೆ ಹೋಗುವುದು ಇನ್ನಷ್ಟು ಕಷ್ಟವಾಗುತ್ತದೆ.

ದೂರಕ್ಕೆ ಎತ್ತಿ ಹಾಕಿ ಒಳ್ಳೆಯ ಮನೆ ಕಟ್ಟಿಕೊಡುವುದೇ ಮೇಲಲ್ಲವೇ ಎನ್ನುವವರಿಗೆ ಕೊಡಗಿನ ದಿಡ್ಡಳ್ಳಿ ಇದೆ. 2016ರ ಡಿಸೆಂಬರಿನಲ್ಲಿ ಅರಣ್ಯದಂಚಿನ 577 ಕುಟುಂಬಗಳ ಗುಡಿಸಲು ಕಿತ್ತುಹಾಕಿ, ದೊಡ್ಡ ಹೋರಾಟವಾದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪಕ್ಕಾ ಮನೆ ಕೊಟ್ಟರು. ಸೂರಿನ ಮಟ್ಟಿಗೆ ಅದು ದೊಡ್ಡ ಗೆಲುವು. ಆದರೆ ಅವರು ದುಡಿಯುತ್ತಿದ್ದ ಎಸ್ಟೇಟುಗಳು, ಹೊಕ್ಕು ಬರುತ್ತಿದ್ದ ಕಾಡು ವಿರಾಜಪೇಟೆ ಕಡೆಯೇ ಉಳಿದವು. ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯಲ್ಲಿ ಎಬ್ಬಿಸಿದ ಬಡ ಕುಟುಂಬಗಳಿಗೆ ಅಲ್ಲೇ ಮನೆ ಎಂಬ ಭರವಸೆ ವರ್ಷಗಟ್ಟಲೆ ಭರವಸೆಯಾಗಿಯೇ ಉಳಿಯಿತು. ಮೊದಲು ಎಬ್ಬಿಸು, ಆಮೇಲೆ ಕೊಡು ಎಂಬ ಕ್ರಮದಲ್ಲಿ ‘ಆಮೇಲೆ’ ಎಂಬುದು ಎಷ್ಟು ಉದ್ದವಾದೀತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಯೋಜನೆಗಾಗಿ ಭೂಸ್ವಾಧೀನ ನಡೆದಾಗ 2013ರ ಕೇಂದ್ರ ಕಾಯ್ದೆ, ಸ್ವಂತ ನೆಲವಿಲ್ಲದಿದ್ದರೂ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಅಲ್ಲೇ ವಾಸವಿದ್ದ ಕುಟುಂಬಕ್ಕೂ ಮನೆ ಕೊಡಬೇಕೆನ್ನುತ್ತದೆ. ಕಾಲುವೆಗೆ ನೆಲ ಹೋದಾಗ ಸಿಗುವ ಈ ರಕ್ಷಣೆ ತೋಟ ಮಾರಾಟವಾದಾಗ ಏಕಿಲ್ಲ? ಒಕ್ಕಲೆದ್ದ ಕುಟುಂಬಕ್ಕೆ ಎರಡೂ ಒಂದೇ.

ಹಾಗಾದರೆ ಸ್ಥಳೀಯವಾಗಿ ಏನು ಮಾಡಬಹುದು? ಹೊಸ ಕಾಯ್ದೆಗಾಗಿ ಕಾಯಬೇಕಾದ್ದು ಕಡಿಮೆ. ಗ್ರಾಮ ಪಂಚಾಯಿತಿ ತನ್ನ ನಿವೇಶನರಹಿತರ ಪಟ್ಟಿಯನ್ನು ಒಡೆದು, ಬೇರೆಯವರ ನೆಲದಲ್ಲಿ ಸ್ವಂತ ಮನೆ ಇರುವವರನ್ನು ಸರ್ವೆ ನಂಬರಿನ ಸಮೇತ ಬೇರೆ ಬರೆದುಕೊಳ್ಳಲಿ. ಅರ್ಜಿ ಕೇಳಬಾರದು, ಮನೆ ಮನೆಗೆ ಹೋಗಿ ಬರೆಯಬೇಕು, ಇಲ್ಲವಾದರೆ 1974ರ ಕಥೆಯೇ ಮರುಕಳಿಸುತ್ತದೆ. ಆ ವಿವರವನ್ನು ತಹಶೀಲ್ದಾರರು ಪಹಣಿಯಲ್ಲಿ ಇತರೆ ಹಕ್ಕುಗಳನ್ನೂ ಋಣಗಳನ್ನೂ ನಮೂದಿಸುವ ಕಾಲಮಿಗೆ ಸೇರಿಸಿದರೆ, ತೋಟ ಕೊಳ್ಳಲು ಬರುವವನಿಗೆ ಅಲ್ಲೊಂದು ಸಂಸಾರವಿದೆ ಎಂಬುದು ಕ್ರಯಪತ್ರಕ್ಕೆ ಮುಂಚೆಯೇ ಗೊತ್ತಾಗುತ್ತದೆ. ಬ್ಯಾಂಕಿನ ಸಾಲಕ್ಕೆ ಪಹಣಿಯಲ್ಲಿ ಜಾಗವಿದೆ, ಮೂವತ್ತು ವರ್ಷದ ವಾಸಕ್ಕೆ ಇಲ್ಲ ಎನ್ನುವುದು ಯಾವ ನ್ಯಾಯ? ಮಾರಾಟದ ಹೊತ್ತಿಗೆ ಆ ಮೂರು ನಾಲ್ಕು ಗುಂಟೆಯನ್ನು ಕೊಳ್ಳುವ ಮೊದಲ ಅವಕಾಶ ವಾಸಿಸುವವರಿಗೆ, ಅವರ ಪರವಾಗಿ ಪಂಚಾಯಿತಿಗೆ ಸಿಗಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಮೆರೆಡಿತ್ ಎಂಬ ಊರಲ್ಲಿ 1984ರಲ್ಲಿ ಪಾರ್ಕಿನ ನಿವಾಸಿಗಳು ಸಹಕಾರ ಸಂಘ ಕಟ್ಟಿ, ಸಾಲ ಮಾಡಿ, ತಮ್ಮ ಮನೆಗಳಡಿಯ ನೆಲವನ್ನು ತಾವೇ ಕೊಂಡರು. ಇಂದು ಆ ದೇಶದಲ್ಲಿ ನಿವಾಸಿಗಳೇ ಒಡೆಯರಾದ ಅಂಥ ಪಾರ್ಕುಗಳು ನೂರಾರು. ತೆಂಗು ಬೆಳೆಗಾರರ ಸೊಸೈಟಿಗಳು, ಸ್ತ್ರೀಶಕ್ತಿ ಗುಂಪುಗಳು ಊರೂರಲ್ಲಿ ಇರುವ ಸೀಮೆಗೆ ಸಹಕಾರ ಹೊಸ ಪಾಠವೇನಲ್ಲ. ಖರ್ಚಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಹೊಸ ಬಡಾವಣೆಗೆ ನೆಲ ಕೊಂಡು, ರಸ್ತೆ, ನೀರು, ಕರೆಂಟು ಎಳೆದು, ಆಮೇಲೆ ಮನೆ ಕಟ್ಟಿಸುವುದಕ್ಕಿಂತ, ಆಗಲೇ ಇರುವ ಮನೆಯಡಿಯ ನೆಲಕ್ಕೆ ಬೆಲೆ ಕೊಡುವುದು ಅಗ್ಗ.

ಉಳಿದದ್ದು ಗುಡಾರದವರ ಪ್ರಶ್ನೆ, ಅದಕ್ಕೆ ಮಾತ್ರ ಇರುವ ಕಲಂಗಳು ಸಾಲುವುದಿಲ್ಲ. ಭೂಕಂದಾಯ ಕಾಯ್ದೆಯ 94-ಸಿ ಆಗಲಿ, 94-ಡಿ ಆಗಲಿ ಕಟ್ಟಿದ ವಾಸದ ಮನೆಯನ್ನು ಊಹಿಸಿ ಬರೆದವು. ಮಳೆಗೆ ಹರಿಯುವ ಟಾರ್ಪಾಲಿಗೆ ಎಂದಿನಿಂದ ಇದೆ ಎಂದು ಯಾವ ದಾಖಲೆ? 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇವರಲ್ಲಿ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1952ರಲ್ಲಿ ಅದು ರದ್ದಾದರೂ, ಊರ ಹತ್ತಿರ ನಿವೇಶನ ಕೊಡುವ ಮಾತು ಬಂದಾಗ ಏಳುವ ತಕರಾರಿನಲ್ಲಿ ಅದರ ಉಳಿಕೆ ಇನ್ನೂ ಇದೆ. ರೇಣಕೆ ಆಯೋಗ 2008ರಲ್ಲಿಯೇ ಈ ಸಮುದಾಯಗಳ ನೆಲೆಯಿಲ್ಲದ ಸ್ಥಿತಿಯನ್ನು ಕೇಂದ್ರದ ಮುಂದಿಟ್ಟಿತ್ತು. ಇವರಿಗಾಗಿ 2022ರಲ್ಲಿ ಶುರುವಾದ ಸೀಡ್ ಯೋಜನೆಯಲ್ಲಿ ಐದು ವರ್ಷಕ್ಕೆ, ಇಡೀ ದೇಶಕ್ಕೆ, ವಿದ್ಯೆ, ಆರೋಗ್ಯ, ಜೀವನೋಪಾಯ, ವಸತಿ ಎಲ್ಲ ಸೇರಿ ಇಟ್ಟದ್ದು 200 ಕೋಟಿ ರೂಪಾಯಿ. ಅದರಲ್ಲೂ ವಸತಿಯ ಪಾಲು ಮನೆ ಕಟ್ಟಲಿಕ್ಕೆ, ನೆಲಕ್ಕಲ್ಲ. ಗುಡಾರದವರಿಗೆ ಬೇಕಾದ ನಿಯಮವನ್ನು ನಾಲ್ಕು ಸಾಲಿನಲ್ಲಿ ಬರೆಯಬಹುದು: ಕಟ್ಟಡದ ಬದಲು ವಾಸವೇ ಆಧಾರವಾಗಲಿ, ಶಾಲೆಯ ಹಾಜರಿ ಪುಸ್ತಕ, ಅಂಗನವಾಡಿಯ ದಾಖಲೆ, ಮತದಾರರ ಪಟ್ಟಿ, ನೆರೆಹೊರೆಯವರ ಹೇಳಿಕೆ ಆ ವಾಸಕ್ಕೆ ಸಾಕ್ಷಿಯಾಗಲಿ, ಇಂಥ ಎಷ್ಟು ಕುಟುಂಬಗಳಿವೆಯೋ ಅಷ್ಟು ನಿವೇಶನವನ್ನು ತಾಲ್ಲೂಕಿನ ಸರ್ಕಾರಿ ಜಮೀನಿನಲ್ಲಿ, ಮಕ್ಕಳು ಈಗ ಹೋಗುತ್ತಿರುವ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ಜಿಲ್ಲಾಧಿಕಾರಿ ಗುರುತಿಸಿ ಕಾದಿಡಲಿ, ಅದು ಹಂಚಿಕೆಯಾಗುವವರೆಗೆ ಗುಂಡುತೋಪಿನ ತೆರವಿಗೆ ಯಾವ ಕಚೇರಿಯೂ ನೋಟಿಸು ಕೊಡದಿರಲಿ.